ಗೂಡ್ಸ್ ಗಾಡಿ ನೋಡಲು ಹಳಿಗಿಳಿಯಬೇಕಿಲ್ಲ

ಮಾನ್ಯ ಸಂಪಾದಕರೇ,

ಹಳಿ ಮೇಲೆ ನಿಂತು ರೀಲ್ಸ್ ಮಾಡಲು ಹೋಗಿ ರೈಲಿಗೆ ಸಿಕ್ಕವರ ಸುದ್ದಿ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಬರುತ್ತದೆ. ಅದರ ಬೆನ್ನಿಗೇ ‘ಇಂಥವರನ್ನು ಹಿಡಿದು ಒಳಗೆ ಹಾಕಿ’ ಎಂಬ ಓದುಗರ ಪತ್ರವೂ ಬರುತ್ತದೆ. ಹಿಡಿಯುವುದು ಬಿಡುವುದು ಪೊಲೀಸರಿಗೆ ಸೇರಿದ್ದು. ಬೆಂಗಳೂರಿನ ಸುತ್ತ ಗೂಡ್ಸ್ ಗಾಡಿ ನೋಡುವುದು, ವ್ಯಾಗನ್ ಎಣಿಸುವುದು, ವಿಡಿಯೊ ಮಾಡುವುದನ್ನೇ ಹವ್ಯಾಸ ಮಾಡಿಕೊಂಡಿರುವ ನಾವು ಹೇಳಹೊರಟಿರುವುದು ಬೇರೆ ಮಾತು: ಹಳಿಗಿಳಿದವನಿಗೆ ಒಳ್ಳೆಯ ವಿಡಿಯೊ ಕೂಡ ದಕ್ಕುವುದಿಲ್ಲ. ಗೂಡ್ಸ್ ಗಾಡಿಯನ್ನು ಚೆನ್ನಾಗಿ ಹಿಡಿಯಬಹುದಾದ ಜಾಗಗಳೆಲ್ಲ ಹಳಿಯಿಂದ ದೂರವೇ ಇವೆ. ಅವು ಎಲ್ಲಿವೆ, ಅಲ್ಲಿ ನಿಂತು ಏನು ಮಾಡಬೇಕು ಎಂದು ಹುಡುಗರಿಗೆ ಹೇಳುವವರಿಲ್ಲ. ಹೇಳಬೇಕಾದ ರೈಲ್ವೆ ಬಾಯಿ ಬಿಡುವುದಿಲ್ಲ.

ಮೊದಲು ಅಳತೆ ನೋಡೋಣ. ಕಲ್ಲಿದ್ದಲು, ಅದಿರು ಹೊರುವ, ಮೇಲೆ ಬಯಲಾಗಿರುವ ಬಾಕ್ಸ್‌ಎನ್ ವ್ಯಾಗನ್ ಒಂದರ ಉದ್ದ 10.7 ಮೀಟರ್. ಒಂದು ರೇಕ್ ಎಂದರೆ ಸಾಮಾನ್ಯವಾಗಿ 58 ವ್ಯಾಗನ್. ಇಂಜಿನ್, ಕೊನೆಯಲ್ಲಿರುವ ಗಾರ್ಡ್ ಡಬ್ಬಿ ಅಂದರೆ ಬ್ರೇಕ್ ವ್ಯಾನ್ ಸೇರಿದರೆ 650 ಮೀಟರ್ ಆಸುಪಾಸು. ಹಳಿಯಿಂದ ನಾಲ್ಕಡಿ ದೂರದಲ್ಲಿ ಫೋನ್ ಹಿಡಿದವನ ಪರದೆಯಲ್ಲಿ ಒಂದು ಸಲಕ್ಕೆ ಕಾಣುವುದು ಎರಡೋ ಮೂರೋ ವ್ಯಾಗನ್, ಅವೂ ವಾಲಿಕೊಂಡು. ಫೋನಿನ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಮೇಲಿನ ಸಾಲು ಓದಿ ಕೆಳಗಿನದಕ್ಕೆ ಬರುವಷ್ಟರಲ್ಲಿ ಗಾಡಿ ಮುಂದಕ್ಕೆ ಸರಿದಿರುತ್ತದೆ. ಹತ್ತಿರ ಹೋದಷ್ಟೂ ಈ ವಾಲಿಕೆ ಜಾಸ್ತಿ. 40–50 ಮೀಟರ್ ಹಿಂದೆ ಸರಿದು, ಗಾಡಿ ಬರುವ ದಿಕ್ಕಿಗೆ ಓರೆಯಾಗಿ ನಿಂತು ಎರಡು ಪಟ್ಟು ಜೂಮ್ ಮಾಡಿದರೆ ಇಡೀ ರೇಕ್ ತಿರುವಿನಲ್ಲಿ ಬಳುಕಿ ಬರುವುದು ಕಾಣುತ್ತದೆ. ಗೂಡ್ಸ್ ಗಾಡಿಯ ಚೆಲುವು ಅದರ ಉದ್ದದಲ್ಲಿದೆ. ಮೂತಿಯ ಹತ್ತಿರ ಹೋಗಿ ನಿಂತವನಿಗೆ ಉದ್ದ ಎಲ್ಲಿಂದ ಸಿಕ್ಕೀತು?

ಇನ್ನು ಅಪಾಯದ ಲೆಕ್ಕ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1.676 ಮೀಟರ್, ವ್ಯಾಗನ್ನಿನ ಅಗಲ ಸುಮಾರು 3.2 ಮೀಟರ್. ಅಂದರೆ ಹಳಿಯಿಂದ ಆಚೆಗೆ ಎರಡೂ ಬದಿಗೆ ಮುಕ್ಕಾಲು ಮೀಟರ್‌ನಷ್ಟು ಕಬ್ಬಿಣ ಚಾಚಿಕೊಂಡಿರುತ್ತದೆ. ಬಿಚ್ಚಿದ ಟಾರ್ಪಾಲಿನ ಹಗ್ಗ, ಕೊಂಡಿ ಕಳಚಿ ಜೋಲುವ ಬಾಗಿಲು ಈ ಲೆಕ್ಕಕ್ಕೆ ಸೇರಿಲ್ಲ. ಆದರೂ ಜೀವ ಹೋಗುವುದು ಬಹಳ ಸಲ ಎದುರಿಗೆ ಕಾಣುವ ಗಾಡಿಯಿಂದಲ್ಲ, ಪಕ್ಕದ ಹಳಿಯಲ್ಲಿ ಬೆನ್ನ ಹಿಂದಿನಿಂದ ಬರುವ ಇನ್ನೊಂದು ಗಾಡಿಯಿಂದ. ಖಾಲಿ ಬಾಕ್ಸ್‌ಎನ್ ರೇಕ್ ಹಾದು ಹೋಗುವಾಗ ತಗಡಿನ ಡಬ್ಬಿ ಉರುಳಿಸಿದಂಥ ಗದ್ದಲ. ಆ ಗದ್ದಲದೊಳಗೆ ವಿದ್ಯುತ್ ಇಂಜಿನ್‌ನ ಎಕ್ಸ್‌ಪ್ರೆಸ್ ಬಂದರೆ ಹಾರ್ನ್ ಕೂಡ ಕಿವಿಗೆ ಬೀಳುವುದಿಲ್ಲ. ಗಂಟೆಗೆ 110 ಕಿ.ಮೀ. ವೇಗದ ಗಾಡಿ 300 ಮೀಟರ್ ದೂರದ ತಿರುವಿನಿಂದ ನಿಮ್ಮ ಬಳಿ ತಲುಪಲು ಹತ್ತು ಸೆಕೆಂಡ್ ಕೂಡ ಬೇಡ. ತುಂಬಿದ ಗೂಡ್ಸ್ ನಿಮ್ಮನ್ನು ಕಂಡು ನಿಲ್ಲುತ್ತದೆ ಎಂಬ ಭ್ರಮೆಯೂ ಬೇಡ. ಹೊಸ ಮಾದರಿಯ ಬಾಕ್ಸ್‌ಎನ್‌ಎಚ್‌ಎಲ್ ವ್ಯಾಗನ್ ಸರಕು ಸಮೇತ 91.6 ಟನ್ ತೂಗುತ್ತದೆ. 58 ವ್ಯಾಗನ್ ಎಂದರೆ 5,300 ಟನ್. ಲೋಕೊ ಪೈಲಟ್ ತುರ್ತು ಬ್ರೇಕ್ ಹಾಕಿದ ಮೇಲೂ ಅದು ನೂರಾರು ಮೀಟರ್ ಸಾಗಿಯೇ ನಿಲ್ಲುವುದು. ಇದೆಲ್ಲದರ ಮೇಲೆ, ಅನುಮತಿ ಇಲ್ಲದೆ ಹಳಿ ಪ್ರದೇಶಕ್ಕೆ ಕಾಲಿಟ್ಟರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹಾಗಾದರೆ ಎಲ್ಲಿ ನಿಲ್ಲಬೇಕು? ಪೂರ್ವದ ಕಡೆ ವೈಟ್‌ಫೀಲ್ಡ್, ದೇವನಗೊಂದಿ, ಮಾಲೂರು, ಟೇಕಲ್. 1864ರಲ್ಲಿ ಜೋಲಾರಪೇಟೆಯಿಂದ ದಂಡು ನಿಲ್ದಾಣಕ್ಕೆ ಮೊದಲ ರೈಲು ಬಂದದ್ದು ಇದೇ ದಾರಿಯಲ್ಲಿ. ಈಗ ವೈಟ್‌ಫೀಲ್ಡ್‌ನಲ್ಲಿ ಕಂಟೇನರ್ ಸಾಗಿಸುವ ಸರ್ಕಾರಿ ಕಂಪನಿ ಕಾನ್‌ಕಾರ್‌ನ ಕಂಟೇನರ್ ಡಿಪೊ ಮತ್ತು ಸರಕು ಟರ್ಮಿನಲ್ ಇವೆ, ದೇವನಗೊಂದಿಯಲ್ಲಿ ಪೆಟ್ರೋಲ್, ಡೀಸೆಲ್ ಕಂಪನಿಗಳ ಟರ್ಮಿನಲ್‌ಗಳಿವೆ. ಚೆನ್ನೈ ಬಂದರಿನ ಕಡೆ ಓಡಾಡುವ ಕಂಟೇನರ್ ಗಾಡಿಗಳು ಈ ಹಾದಿಯವು. ಕೃಷ್ಣರಾಜಪುರ ದಾಟಿದ ಗೂಡ್ಸ್‌ಗಳು ಮೆಜೆಸ್ಟಿಕ್ ಮುಖ ನೋಡದೆ ಚನ್ನಸಂದ್ರದಿಂದ ಯಲಹಂಕಕ್ಕೋ, ಬಾಣಸವಾಡಿ, ಹೆಬ್ಬಾಳ, ಲೊಟ್ಟೆಗೊಲ್ಲಹಳ್ಳಿ ಮೂಲಕ ಯಶವಂತಪುರಕ್ಕೋ ಹೊರಳಿಕೊಳ್ಳುತ್ತವೆ. ನಗರದೊಳಗೇ ಗೂಡ್ಸ್ ನೋಡಬೇಕೆಂದರೆ ಈ ಬಳಸುದಾರಿಯ ಚಿಕ್ಕ ನಿಲ್ದಾಣಗಳಿಗೆ ಹೋಗಬೇಕು. ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ಗಂಟೆಗೆ ನಡೆಯುತ್ತದೆ. ಹಬ್ಬದ ನೂಕುನುಗ್ಗಲಿನಲ್ಲಿ ಅದರ ಮಾರಾಟ ನಿಲ್ಲಿಸುವುದುಂಟು, ಆಗ ಹೋಗದಿರುವುದೇ ಮೇಲು.

ಉತ್ತರಕ್ಕೆ ದೊಡ್ಡಬಳ್ಳಾಪುರದಾಚೆ ಮಾಕಳಿದುರ್ಗ. ಅಲ್ಲಿ ಬೆಟ್ಟದ ಮೇಲಿನಿಂದ ನೋಡಿದರೆ ಇಂಜಿನ್‌ನಿಂದ ಬ್ರೇಕ್ ವ್ಯಾನ್‌ವರೆಗೆ ಇಡೀ ಗಾಡಿ ಒಂದೇ ಚೌಕಟ್ಟಿನೊಳಗೆ ಬರುತ್ತದೆ. ಆದರೆ ಹೆಚ್ಚಿನವರು ಬೆಟ್ಟ ಹತ್ತುವ ಮುಂಚೆ ಹಳಿಯ ಮೇಲೆ ಸಾಲಾಗಿ ನಡೆದು ಅಲ್ಲೇ ಪಟ ತೆಗೆಸಿಕೊಳ್ಳುತ್ತಾರೆ. ಅಷ್ಟು ದೂರ ಹೋಗಿ ಬೆಟ್ಟದ ನೋಟ ಬಿಟ್ಟು ಜಲ್ಲಿಕಲ್ಲಿನ ಮೇಲೆ ಕೂರುವುದು ಯಾಕೋ ನಮಗಂತೂ ಅರ್ಥವಾಗಿಲ್ಲ.

ಗೂಡ್ಸ್ ಗಾಡಿಗೆ ಸಾರ್ವಜನಿಕ ವೇಳಾಪಟ್ಟಿ ಇಲ್ಲ. ರೈಲ್ವೆಯ ಎನ್‌ಟಿಇಎಸ್ ಆ್ಯಪ್ ಪ್ರಯಾಣಿಕರ ಗಾಡಿಗಳನ್ನಷ್ಟೇ ತೋರಿಸುತ್ತದೆ. ಅದನ್ನೇ ತಿರುಗಿಸಿ ಓದಬೇಕು: ಎರಡು ಪ್ಯಾಸೆಂಜರ್ ಗಾಡಿಗಳ ನಡುವೆ 40 ನಿಮಿಷ ಬಿಡುವಿದ್ದರೆ ಆ ಕಿಂಡಿಯಲ್ಲಿ ಗೂಡ್ಸ್ ತೂರಿಸುತ್ತಾರೆ. ಬೆಳಗಿನ ಮತ್ತು ಸಂಜೆಯ ದಟ್ಟಣೆಯಲ್ಲಿ ಅವಕ್ಕೆ ದಾರಿ ಸಿಗುವುದು ಕಷ್ಟ. ನಡುಹಗಲು, ನಡುರಾತ್ರಿ ಅವುಗಳ ಕಾಲ. ನಿಲ್ದಾಣದಲ್ಲಿ ಸಿಗ್ನಲ್ ನೋಡುವುದನ್ನು ಕಲಿತರೆ ಕಾಯುವ ಹೊತ್ತು ಅರ್ಧ ಉಳಿಯುತ್ತದೆ. ನಿಲ್ದಾಣದೊಳಗೆ ಬರಲು ಒಪ್ಪಿಗೆ ಕೊಡುವ ಹೋಮ್ ಸಿಗ್ನಲ್‌ನಲ್ಲಿ ಹಳದಿಯ ಜೊತೆ ಐದು ಬಿಳಿ ದೀಪ ಓರೆಸಾಲಾಗಿ ಹೊತ್ತಿದರೆ ಬರುವ ಗಾಡಿ ಮುಖ್ಯ ಹಳಿ ಬಿಟ್ಟು ಲೂಪ್‌ಗೆ, ಅಂದರೆ ನಿಲ್ದಾಣದ ಪಕ್ಕದ ಹಳಿಗೆ ತಿರುಗುತ್ತದೆ. ಗೂಡ್ಸ್ ಲೂಪ್‌ಗೆ ಬಂದು ನಿಂತಿತು, ಹಿಂದಿನಿಂದ ಎಕ್ಸ್‌ಪ್ರೆಸ್ ಇದೆ ಎಂದರೆ ಅದು ದಾಟಿ ಮುಂದಿನ ಸೆಕ್ಷನ್ ಖಾಲಿಯಾಗುವವರೆಗೆ ಗೂಡ್ಸ್ ಕದಲುವುದಿಲ್ಲ. ಕ್ಯಾಮೆರಾ ಹೂಡಲು ಅದೇ ಸಮಯ.

ನಿಂತ ಗೂಡ್ಸ್ ಹೊರಡುವ ಗಳಿಗೆಯನ್ನು ಮಾತ್ರ ತಪ್ಪಿಸಬಾರದು. ಹೊರಡಲು ಒಪ್ಪಿಗೆ ಕೊಡುವ ಸ್ಟಾರ್ಟರ್ ಸಿಗ್ನಲ್ ಕೆಂಪಿನಿಂದ ಹಳದಿಗೋ ಹಸಿರಿಗೋ ತಿರುಗಿದ ಮೇಲೂ ಗಾಡಿ ತಕ್ಷಣ ಹೊರಡುವುದಿಲ್ಲ. ಬ್ರೇಕ್ ಪೈಪಿನಲ್ಲಿ ಗಾಳಿಯ ಒತ್ತಡ ಚದರ ಸೆಂಟಿಮೀಟರ್‌ಗೆ 5 ಕೆ.ಜಿ.ಗೆ ಏರಬೇಕು, ಅದು ಕೊನೆಯ ವ್ಯಾಗನ್‌ವರೆಗೂ ಮುಟ್ಟಬೇಕು. ವ್ಯಾಗನ್ನಿಂದ ವ್ಯಾಗನ್ನಿಗೆ ಬ್ರೇಕ್ ಬಿಡುವ ‘ಸುಸ್ಸ್’ ಸದ್ದು ಹಿಂದಕ್ಕೆ ಹರಿಯುತ್ತ ಹೋಗುತ್ತದೆ. ಆಮೇಲೆ ಹಾರ್ನ್. ಇಂಜಿನ್ ಒಂದೆರಡು ಅಡಿ ಜರುಗುತ್ತದೆ, ವ್ಯಾಗನ್‌ಗಳನ್ನು ಬೆಸೆಯುವ ಕಪ್ಲರ್‌ಗಳ ಸಡಿಲು ಒಂದೊಂದಾಗಿ ಬಿಗಿಯುತ್ತ ‘ಖಟ್, ಖಟ್, ಖಟ್’ ಎಂಬ ಸದ್ದು ನಿಮ್ಮನ್ನು ದಾಟಿ ಬಾಲದ ಕಡೆ ಓಡುತ್ತದೆ. ಬ್ರೇಕ್ ವ್ಯಾನ್ ಅಲುಗುವ ಹೊತ್ತಿಗೆ ಇಂಜಿನ್ ಆಗಲೇ ನಡಿಗೆಯ ವೇಗ ಹಿಡಿದಿರುತ್ತದೆ. ರೇಕ್‌ನ ನಡುಭಾಗಕ್ಕೆ ಎದುರಾಗಿ ಪ್ಲಾಟ್‌ಫಾರ್ಮಿನ ಮೇಲೆ, ಹಳದಿ ಗೆರೆಯಿಂದ ಹಿಂದಕ್ಕೆ ನಿಂತರೆ ಈ ಸದ್ದು ಬಲಗಿವಿಯಿಂದ ಎಡಗಿವಿಗೆ ಹಾಯುವುದು ರೆಕಾರ್ಡ್ ಆಗುತ್ತದೆ. ಇಂಜಿನ್ ಮುಂದೆ ನಿಂತವನಿಗೆ ಇದು ಕೇಳುವುದೇ ಇಲ್ಲ.

ಸದ್ದಿನ ವಿಚಾರದಲ್ಲಿ ಫೋನುಗಳು ಮಾಡುವ ಅನ್ಯಾಯ ಒಂದಿದೆ. ಹಾರ್ನ್ ಬಿದ್ದ ಕೂಡಲೇ ಫೋನ್ ತಾನೇ ಮೈಕಿನ ಮಟ್ಟ ಇಳಿಸಿಬಿಡುತ್ತದೆ, ಮುಂದಿನ ಕೆಲವು ಸೆಕೆಂಡ್ ಚಕ್ರದ ಸದ್ದು ಸತ್ತುಹೋಗುತ್ತದೆ. ಮೈಕಿನ ಮಟ್ಟವನ್ನು ಕೈಯಾರೆ ಇಡಲು ಬಿಡುವ ಆ್ಯಪ್ ಬಳಸಿ, ಸಾಮಾನ್ಯ ಸದ್ದು ಆ್ಯಪ್‌ನ ಮಾಪಕದಲ್ಲಿ ಮೈನಸ್ 20 ಡೆಸಿಬೆಲ್ ಹತ್ತಿರ ಇರುವಂತೆ ನೋಡಿಕೊಂಡರೆ ಹಾರ್ನ್‌ಗೂ ಜಾಗ ಉಳಿಯುತ್ತದೆ. ಮೈಕಿಗೆ ಸ್ಪಂಜಿನ ಟೋಪಿ ಹಾಕದಿದ್ದರೆ ಗಾಳಿಯ ಬುಸುಬುಸು ಬಿಟ್ಟು ಬೇರೇನೂ ಸಿಗದು.

ಬೆಳಕಿನದು ಊರಿನ ಭೂಗೋಳದ ಲೆಕ್ಕ. ವೈಟ್‌ಫೀಲ್ಡ್ ದಾರಿ ಹೆಚ್ಚುಕಡಿಮೆ ಪೂರ್ವ–ಪಶ್ಚಿಮ. ಬೆಳಗ್ಗೆ ಮಾಲೂರಿನ ಕಡೆ ಹೋಗುವ ಗಾಡಿಯ ಮೂತಿಗೆ ಬಿಸಿಲು, ನಗರಕ್ಕೆ ಬರುವ ಗಾಡಿಯ ಮೂತಿಗೆ ನೆರಳು, ಸಂಜೆ ತಿರುಗುಮುರುಗು. ನವೆಂಬರ್‌ನಿಂದ ಜನವರಿವರೆಗೆ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುವುದರಿಂದ ಹಳಿಯ ದಕ್ಷಿಣಕ್ಕಿರುವ ಜಾಗವೇ ಸರಿ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯಭಾಗದಲ್ಲೊಮ್ಮೆ ಬೆಂಗಳೂರಿಗೆ ‘ಶೂನ್ಯ ನೆರಳಿನ ದಿನ’ ಬರುತ್ತದಲ್ಲ, ಆ ದಿನಗಳ ಆಚೀಚೆ ನಡುಮಧ್ಯಾಹ್ನದಲ್ಲಿ ವ್ಯಾಗನ್ನಿನ ನೆರಳು ಅದರ ಕೆಳಗೇ ಬಿದ್ದು ಚಕ್ರ, ಅದರ ಚೌಕಟ್ಟುಗಳೆಲ್ಲ ಮಸಿಯಾಗಿ ಕಾಣುತ್ತವೆ. ಆಗ ಮೋಡಕ್ಕೆ ಕಾಯುವುದೇ ಜಾಣತನ. ಇಂಜಿನ್‌ನ ಹೆಡ್‌ಲೈಟ್ ಕಂಡ ಕೂಡಲೇ ಫೋನ್ ಇಡೀ ದೃಶ್ಯವನ್ನು ಕತ್ತಲು ಮಾಡುತ್ತದೆ. ಗಾಡಿ ಬರುವ ಮೊದಲೇ ಹಳಿಯ ಪಕ್ಕದ ಗಿಡವೊಂದರ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಬೇಕು. ರಾತ್ರಿ ಪ್ಲಾಟ್‌ಫಾರ್ಮ್ ದೀಪಗಳಡಿ ವಿಡಿಯೊದಲ್ಲಿ ಪಟ್ಟೆಪಟ್ಟೆ ಬರುವುದಕ್ಕೆ ಕಾರಣ ನಮ್ಮ 50 ಹರ್ಟ್ಸ್ ವಿದ್ಯುತ್: ಸೆಕೆಂಡಿಗೆ 25 ಅಥವಾ 50 ಫ್ರೇಮ್ ಇಟ್ಟು ಶಟರ್ 1/50 ಅಥವಾ 1/100ಕ್ಕೆ ನಿಲ್ಲಿಸಿದರೆ ಮಾಯ.

ವ್ಯಾಗನ್ ನಂಬರ್ ಓದಬೇಕೆನ್ನುವವರಿಗೆ ಬೇರೆ ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದ ಗಾಡಿ 1/60 ಸೆಕೆಂಡಿನಲ್ಲಿ 28 ಸೆಂ.ಮೀ. ಸರಿಯುತ್ತದೆ, ಅಂಕಿಗಳು ಅಳಿಸಿದಂತಾಗುತ್ತವೆ. 1/1000ಕ್ಕೆ ಇಟ್ಟರೆ ಸರಿಯುವುದು ಎರಡು ಸೆಂ.ಮೀ.ಗೂ ಕಡಿಮೆ. ಪಕ್ಕೆಯ ಮೇಲಿರುವ ಹನ್ನೊಂದು ಅಂಕಿಗಳಲ್ಲಿ ಮೊದಲ ಎರಡು ವ್ಯಾಗನ್ನಿನ ಬಗೆ: 10ರಿಂದ 29 ತೆರೆದವು, 30ರ ಸಾಲು ಮುಚ್ಚಿದವು, 40ರಿಂದ 54 ಟ್ಯಾಂಕರ್, 55ರಿಂದ 69 ಚಪ್ಪಟೆ, 70ರ ಸಾಲು ಅಡಿಯಿಂದ ಸುರಿಯುವ ಹಾಪರ್, 85ರಿಂದ 89 ಬ್ರೇಕ್ ವ್ಯಾನ್. ಮುಂದಿನ ಎರಡು ಯಾವ ರೈಲ್ವೆಯದು ಎಂಬುದು. ನಮ್ಮ ನೈರುತ್ಯ ರೈಲ್ವೆಗೆ 15, ದಕ್ಷಿಣ ರೈಲ್ವೆಗೆ 06, ಕಾನ್‌ಕಾರ್‌ಗೆ 25. ಆಮೇಲಿನ ಎರಡು ತಯಾರಾದ ವರ್ಷ, ನಂತರದ ನಾಲ್ಕು ಕ್ರಮಸಂಖ್ಯೆ. ಕೊನೆಯ ಒಂಟಿ ಅಂಕಿ ತಾಳೆ ನೋಡಲು ಇರುವುದು. ಸಮಸ್ಥಾನದ ಐದು ಅಂಕಿ ಕೂಡಿಸಿ ಮೂರರಿಂದ ಗುಣಿಸಿ, ಬೆಸಸ್ಥಾನದ ಐದನ್ನು ಸೇರಿಸಿ. ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆಯೋ ಅದೇ ತಾಳೆಯಂಕಿ. ಉದಾಹರಣೆಗೆ 1215081234 ಎಂದಿಟ್ಟುಕೊಳ್ಳಿ: 2, 5, 8, 2, 4 ಕೂಡಿದರೆ 21, ಮೂರರಿಂದ ಗುಣಿಸಿದರೆ 63, ಇದಕ್ಕೆ 1, 1, 0, 1, 3ರ ಮೊತ್ತ 6 ಸೇರಿ 69, ಎಪ್ಪತ್ತಕ್ಕೆ ಒಂದು ಕಡಿಮೆ, ಆದ್ದರಿಂದ ಕೊನೆಯ ಅಂಕಿ 1. ಧೂಳು ಮೆತ್ತಿ ಒಂದು ಅಂಕಿ ಕಾಣದಿದ್ದರೆ ಈ ಲೆಕ್ಕದಿಂದ ಅದನ್ನು ಹೊರಗೆಳೆಯಬಹುದು. ಏಳನೇ ತರಗತಿಯ ಮಕ್ಕಳಿಗೆ ಗಣಿತ ಕಲಿಸಲು ಇದಕ್ಕಿಂತ ಚಂದದ ಪಾಠ ಬೇಕೆ?

ನಂಬರ್ ಓದದೆಯೂ ಗುರುತು ಹಿಡಿಯುವುದು ಸುಲಭ. ಕಂಟೇನರ್ ಗಾಡಿಯಲ್ಲಿ ಐದೈದು ವ್ಯಾಗನ್‌ಗಳ ಒಂಬತ್ತು ಗುಂಪು, ಒಟ್ಟು 45. ಇಪ್ಪತ್ತಡಿಯ 90 ಡಬ್ಬಿ ಹಿಡಿಸುತ್ತವೆ. ಕಿಟಕಿ ಮುಚ್ಚಿದ ಹಳೆಯ ಪ್ರಯಾಣಿಕರ ಬೋಗಿಗಳ ಸಾಲು ಕಂಡರೆ ಅದು ಕಾರು ಸಾಗಿಸುವ ಎನ್‌ಎಂಜಿ ರೇಕ್. ಪ್ಯಾಸೆಂಜರ್ ಬಂತೆಂದು ಚೀಲ ಎತ್ತಿಕೊಂಡು ಏಳುವವರನ್ನು ಪ್ಲಾಟ್‌ಫಾರ್ಮಿನಲ್ಲಿ ಕಾಣಬಹುದು.

ಈ ಹವ್ಯಾಸದಿಂದ ರೈಲ್ವೆಗೂ ಉಪಯೋಗವಿದೆ. ಒಂದೇ ಕಡೆ ನಿಂತು ಐವತ್ತೆಂಟು ವ್ಯಾಗನ್‌ಗಳ ಸದ್ದು ಕೇಳುವವನಿಗೆ ಕೆಟ್ಟ ಚಕ್ರ ಗೊತ್ತಾಗುತ್ತದೆ. ಬ್ರೇಕ್ ಕಚ್ಚಿಕೊಂಡು ಚಕ್ರ ತಿರುಗದೆ ಉಜ್ಜಿಕೊಂಡು ಹೋದರೆ ಅದರ ಒಂದು ಭಾಗ ಚಪ್ಪಟೆಯಾಗುತ್ತದೆ. ಸರಕು ವ್ಯಾಗನ್ನಿಗೆ ಈ ಚಪ್ಪಟೆಯ ಮಿತಿ 60 ಮಿ.ಮೀ. ಅದನ್ನು ಹಳಿಯ ಸಂದಿನ ಸದ್ದಿನಿಂದ ಬೇರ್ಪಡಿಸುವುದು ಹೀಗೆ: ಸಂದಿನ ‘ಟಕ್-ಟಕ್’ ಒಂದೇ ಜಾಗದಿಂದ ಬರುತ್ತದೆ, ಚಪ್ಪಟೆ ಚಕ್ರದ ‘ಧಡ್ ಧಡ್’ ವ್ಯಾಗನ್ನಿನ ಜೊತೆ ಓಡುತ್ತದೆ. ಚಕ್ರದ ಅಡ್ಡಳತೆ ಒಂದು ಮೀಟರ್ ಆದ್ದರಿಂದ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಬ್ರೇಕ್ ಕಚ್ಚಿದ್ದರೆ ಸುಟ್ಟ ವಾಸನೆ, ಹೊಗೆ, ರಾತ್ರಿಯಾದರೆ ಚಕ್ರದ ಸುತ್ತ ಕಿಡಿಯ ಬಳೆ. ಚಕ್ರದ ಅಚ್ಚಿನ ತುದಿಯ ಬೇರಿಂಗ್ ಇರುವ ಆಕ್ಸೆಲ್ ಬಾಕ್ಸ್ ಕಾದಿದ್ದರೆ ಕಿರ್ರೆನ್ನುವ ಸದ್ದು, ಸುಟ್ಟ ಗ್ರೀಸಿನ ವಾಸನೆ.

ಇಂಥದ್ದು ಕಂಡರೆ ವಿಡಿಯೊ ಅಪ್‌ಲೋಡ್ ಮಾಡುವುದು ಆಮೇಲಿನ ಕೆಲಸ. ಹತ್ತಿರದ ಗೇಟ್‌ಮನ್ ಅಥವಾ ಸ್ಟೇಷನ್ ಮಾಸ್ಟರ್‌ಗೆ ಹೇಳುವುದು ಎಲ್ಲಕ್ಕಿಂತ ಬೇಗದ ದಾರಿ. ಯಾರೂ ಇಲ್ಲದಿದ್ದರೆ 139. ಹೇಳಬೇಕಾದ್ದು ನಾಲ್ಕು: ಗಾಡಿ ಯಾವ ಕಡೆ ಹೋಯಿತು, ಎಷ್ಟು ಗಂಟೆಗೆ, ಇಂಜಿನ್‌ನಿಂದ ಎಷ್ಟನೇ ವ್ಯಾಗನ್, ಹತ್ತಿರದ ವಿದ್ಯುತ್ ಕಂಬದ ಮೇಲಿನ ನಂಬರ್. ಕಂಬದ ಮೇಲೆ 345/12 ಎಂದಿದ್ದರೆ 345ನೇ ಕಿಲೋಮೀಟರಿನ 12 ಎಂಬ ನಂಬರಿನ ಕಂಬ ಎಂದರ್ಥ. ಬ್ರೇಕ್ ವ್ಯಾನ್‌ನಲ್ಲಿ ಗಾರ್ಡ್ ಇದ್ದರೆ (2022ರಿಂದ ಅವರ ಹುದ್ದೆಯ ಹೆಸರು ಟ್ರೈನ್ ಮ್ಯಾನೇಜರ್) ಅವರು ಹಾದುಹೋಗುವಾಗ ಎರಡೂ ಕೈ ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿಯಿರಿ. ಕೆಂಪು ಬಾವುಟ ಇಲ್ಲದಾಗ ರೈಲ್ವೆ ನಿಯಮದಲ್ಲಿ ಅದೇ ಅಪಾಯದ ಸನ್ನೆ. ರಾತ್ರಿಯಾದರೆ ಫೋನಿನ ಟಾರ್ಚನ್ನು ಎದೆಯ ಮಟ್ಟದಲ್ಲಿ ಅಡ್ಡಡ್ಡ ಜೋರಾಗಿ ಬೀಸಬೇಕು. ಈ ಕಾರಣಕ್ಕೇ ತಮಾಷೆಗೆ ಲೋಕೊ ಪೈಲಟ್‌ಗೆ ಎರಡೂ ಕೈ ಎತ್ತಿ ಟಾಟಾ ಮಾಡಬೇಡಿ; ಟಾಟಾಗೆ ಒಂದು ಕೈ ಸಾಕು. ಹಾಗೆಯೇ ಇಂಜಿನ್ ನೆತ್ತಿಯ ಹಳದಿ ಫ್ಲಾಶರ್ ಮಿನುಗುತ್ತಿದ್ದರೆ ‘ಸೂಪರ್ ಶಾಟ್’ ಎಂದು ಮುಂದೆ ಓಡುವವರಿದ್ದಾರೆ. ಅದು ಪಕ್ಕದ ಹಳಿಯಲ್ಲಿ ಎದುರು ಬರುವ ಗಾಡಿಗೆ ‘ನಿಲ್ಲಿಸು’ ಎನ್ನುವ ಎಚ್ಚರಿಕೆ. ಅಂಥ ಗಾಡಿಯಿಂದ ದೂರ ಸರಿಯಬೇಕು.

ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ. ಮುಟ್ಟದಿದ್ದರೂ ಹತ್ತಿರ ಹೋದರೆ ಸಾಕು, ಎಳೆದುಕೊಳ್ಳುತ್ತದೆ. ರೈಲ್ವೆಯವರೇ ಎರಡು ಮೀಟರ್ ಒಳಗೆ ಅನುಮತಿಯಿಲ್ಲದೆ ಕೆಲಸ ಮಾಡುವಂತಿಲ್ಲ. ಪಾದಚಾರಿ ಸೇತುವೆಯ ಜಾಲರಿ ಮೇಲಿನಿಂದ ಸೆಲ್ಫಿ ಸ್ಟಿಕ್ ಚಾಚುವುದು ಎಂದರೆ ಅಲ್ಯುಮಿನಿಯಂ ಕೋಲನ್ನು ಆ ತಂತಿಯ ಬಾಯಿಗೆ ಕೊಡುವುದು. ಜಾಲರಿಯ ಒಂದು ಕಣ್ಣಿಗೆ ಫೋನಿನ ಲೆನ್ಸ್ ಒತ್ತಿ ಹಿಡಿದರೆ ಜಾಲರಿ ಚಿತ್ರದಲ್ಲಿ ಕಾಣುವುದೇ ಇಲ್ಲ. ಡ್ರೋನ್ ಮಾತು ಬೇಡವೇ ಬೇಡ. ಯಲಹಂಕ ವಾಯುನೆಲೆ, ಜಕ್ಕೂರು, ಎಚ್‌ಎಎಲ್ ಎಲ್ಲವೂ ಈ ಹಳಿಗಳ ಆಸುಪಾಸಿನಲ್ಲೇ ಇವೆ.

ಇಷ್ಟನ್ನು ಪಾಲಿಸಿ ಪ್ಲಾಟ್‌ಫಾರ್ಮ್ ಟಿಕೆಟ್ ಹಿಡಿದು ನಿಂತವನ ಗತಿ ಏನು? ಒಂದು ನಿಲ್ದಾಣದಲ್ಲಿ ಸಿಬ್ಬಂದಿ ತಾವೇ ‘ಹಿಂದೆ ಇನ್ನೊಂದು ಗೂಡ್ಸ್ ಇದೆ, ಇರಿ’ ಎನ್ನುತ್ತಾರೆ. ಮುಂದಿನ ನಿಲ್ದಾಣದಲ್ಲಿ ಅದೇ ಫೋನ್ ಕಸಿದು ವಿಡಿಯೊ ಅಳಿಸುತ್ತಾರೆ. ಸಿನಿಮಾ, ಜಾಹೀರಾತು ಚಿತ್ರೀಕರಣಕ್ಕೆ ಅರ್ಜಿ, ಶುಲ್ಕ ಎಲ್ಲ ಇವೆ, ಸರಿ. ಮೊಬೈಲ್ ಹಿಡಿದ ಹವ್ಯಾಸಿಗೆ ಎಲ್ಲಿ ಆಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ಟಿಕೆಟ್ ಕೌಂಟರ್ ಪಕ್ಕದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕಲು ಏನು ಖರ್ಚು? ಪ್ಲಾಟ್‌ಫಾರ್ಮಿನಲ್ಲಿ ಓಡಿಸಿದರೆ ಆ ಹುಡುಗ ಮನೆಗೆ ಹೋಗುವುದಿಲ್ಲ, ಕಾಂಪೌಂಡ್ ಮುರಿದ ಜಾಗ ಹುಡುಕಿಕೊಂಡು ಹಳಿಯ ಪಕ್ಕಕ್ಕೇ ಹೋಗುತ್ತಾನೆ.

ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಇನ್ನೊಂದು ಕೋರಿಕೆ. ಯಶವಂತಪುರ–ಚನ್ನಸಂದ್ರ, ಬೈಯಪ್ಪನಹಳ್ಳಿ–ಹೊಸೂರು ಜೋಡಿಹಳಿ, ಉಪನಗರ ರೈಲಿನ ಮಲ್ಲಿಗೆ ಮಾರ್ಗ ಎಂದು ಹಳಿಯುದ್ದಕ್ಕೂ ಹೊಸ ಗೋಡೆ, ಹೊಸ ಮೇಲ್ಸೇತುವೆಗಳು ಏಳುತ್ತಿವೆ. ಗೋಡೆ ಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಪಾದಚಾರಿ ಸೇತುವೆಗಳಿಗೆ ತಂತಿಯ ನೇರ ಮೇಲ್ಭಾಗದಲ್ಲಿ ಮಾತ್ರ ಮುಚ್ಚಿದ ತಗಡು ಹಾಕಿ, ಉಳಿದೆಡೆ ಕೈ ತೂರದಷ್ಟು ಸಣ್ಣ ಕಣ್ಣಿನ ಜಾಲರಿ ಹಾಕಲಿ. ಹೆಬ್ಬಾಳ, ಬಾಣಸವಾಡಿಯಂಥ ಕಡೆ ಪ್ಲಾಟ್‌ಫಾರ್ಮಿನ ತುದಿಯಿಂದ ಹತ್ತು ಮೀಟರ್ ಈಚೆಗೆ ಒಂದು ಬಿಳಿ ಚೌಕ ಬಳಿದು ‘ಚಿತ್ರ ತೆಗೆಯುವವರು ಇಲ್ಲಿ ನಿಲ್ಲಿ’ ಎಂದು ಬರೆಯಲಿ. ಒಂದು ಡಬ್ಬಿ ಬಣ್ಣದಲ್ಲಿ ಮುಗಿಯುವ ಕೆಲಸ.

– ಗೂಡ್ಸ್ ಗಾಡಿ ನೋಡುವ ಕೆಲವು ಹವ್ಯಾಸಿಗಳು, ಬೆಂಗಳೂರು